ಮಕ್ಕಳ ಜ್ವರವೂ ನಮ್ಮ ಅಳತೆಗೋಲೂ

ಧಾರವಾಡದ ಮಳೆಗಾಲದಲ್ಲಿ ಮಕ್ಕಳಿಗೆ ಶೀತ, ಕೆಮ್ಮು, ಜ್ವರ ಬರುವುದು ಹೊಸ ಸಂಗತಿಯಲ್ಲ. ಆದರೆ ಒಂದೇ ಮನೆಯ ಇಬ್ಬರು ಮಕ್ಕಳಿಗೆ ಇನ್‌ಫ್ಲುಯೆನ್ಜಾ ತಗಲಿದಾಗ ಒಂದು ಮಗು ನಾಲ್ಕಾರು ದಿನಗಳಲ್ಲಿ ಎದ್ದು ಆಡತೊಡಗುವುದು. ಇನ್ನೊಂದಕ್ಕೆ ಉಸಿರಾಟವೇ ಕಷ್ಟವಾಗಿ ಆಸ್ಪತ್ರೆಗೆ ಒಯ್ಯಬೇಕಾಗುವುದು. ಈ ಅಂತರವೇಕೆ? 1918ರಲ್ಲಿ ಇದೇ ರೋಗವು ಮುಂಬಯಿಯಿಂದ ಒಳನಾಡಿಗೆ ಹಬ್ಬಿ ದೇಶದಲ್ಲಿ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಜನರನ್ನು ಬಲಿಗೊಂಡಾಗ ಈ ಪ್ರಶ್ನೆಗೆ ಉತ್ತರ ಹೇಳಬಲ್ಲವರಿರಲಿಲ್ಲ. ಮನುಷ್ಯರ ಫ್ಲೂ ವೈರಸ್ಸನ್ನು ಬೇರ್ಪಡಿಸಿದ್ದೇ 1933ರಲ್ಲಿ.

ಇಂದು ಉತ್ತರದ ಒಂದಂಶ ದೊರೆತಿದೆ. ನಮ್ಮ ಜೀವಕೋಶಗಳಲ್ಲಿ ಸುಮಾರು 20,000 ಜೀನುಗಳಿವೆ; ಆದರೆ ಎಲ್ಲವೂ ಏಕಕಾಲಕ್ಕೆ ಕೆಲಸ ಮಾಡುವುದಿಲ್ಲ. ನಾನು ವೈದ್ಯನಲ್ಲ, ಭೌತಶಾಸ್ತ್ರದ ಅಧ್ಯಾಪಕ. ಆದುದರಿಂದ ನನ್ನ ಶಾಸ್ತ್ರದ ಉಪಮೆಯನ್ನೇ ಕೊಡುವೆನು. ಮನೆಯ ವಿದ್ಯುತ್ ತಂತಿಗಳ ನಕ್ಷೆಯಿಂದ ದೀಪಗಳೆಲ್ಲಿವೆಯೆಂದು ತಿಳಿಯುವುದೇ ಹೊರತು ಈ ರಾತ್ರಿ ಯಾವುವು ಉರಿಯುತ್ತಿವೆಯೆಂದು ತಿಳಿಯದು. ಜೀನುಗಳಿಂದ ಹೊರಡುವ ಆರ್‌.ಎನ್‌.ಎ. ಪ್ರಮಾಣವನ್ನು ಅಳೆದರೆ ಉರಿಯುವ ದೀಪಗಳು ಗೋಚರಿಸುವುವು. ಫ್ಲೂ ತಗಲಿದಾಗ ರಕ್ತದಲ್ಲಿ ಇಂಟರ್‌ಫೆರಾನ್ ಎಂಬ ರಕ್ಷಕ ದ್ರವ್ಯಕ್ಕೆ ಸಂಬಂಧಿಸಿದ ಜೀನುಗಳು ಬೆಳಗುತ್ತವೆ. ರೋಗವು ಉಲ್ಬಣಿಸಿದವರಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿಯ ರಕ್ತಕಣಗಳ ಜೀನುಗಳು ಅತಿಯಾಗಿ ಉರಿಯುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. 2015ರಲ್ಲಿ ಪ್ರಕಟವಾದ ವರದಿಯಂತೆ, ಪುಟ್ಟ ಬಾಲಿಕೆಯೊಬ್ಬಳು ಫ್ಲೂ ಜ್ವರದಿಂದ ಪ್ರಾಣಾಪಾಯಕ್ಕೀಡಾದುದಕ್ಕೆ ಐ.ಆರ್‌.ಎಫ್‌.-7 ಎಂಬ ಜೀನಿನ ಎರಡು ಪ್ರತಿಗಳೂ ಕೆಟ್ಟಿದ್ದುದೇ ಕಾರಣ. ಅವಳ ದೇಹದಲ್ಲಿ ಇಂಟರ್‌ಫೆರಾನ್ ಸಾಲದೆ ಹೋಯಿತು.

2016ರಲ್ಲಿ ಇನ್ನೊಂದು ಹೆಜ್ಜೆ. ಮಗುವಿನ ಜ್ವರಕ್ಕೆ ಬ್ಯಾಕ್ಟೀರಿಯಾ ಕಾರಣವೋ ವೈರಸ್ಸು ಕಾರಣವೋ ಎಂಬುದನ್ನು ಕೇವಲ ಎರಡು ಜೀನುಗಳ ಚಟುವಟಿಕೆಯಿಂದ ಬಹುಮಟ್ಟಿಗೆ ಗುರುತಿಸಬಹುದೆಂದು ಯುರೋಪು ಮತ್ತು ಅಮೆರಿಕದ ಮಕ್ಕಳ ಅಧ್ಯಯನವೊಂದು ತೋರಿಸಿತು. ಇಂಥ ಪರೀಕ್ಷೆ ಕೈಗೆಟಕಿದರೆ ವೃಥಾ ಕೊಡುವ ಆಂಟಿಬಯಾಟಿಕ್ ಔಷಧಗಳು ತಪ್ಪುವುವು.

ನನ್ನ ಆಕ್ಷೇಪವಿರುವುದು ಇಲ್ಲಿಯೇ. ಯಾವ ಉಪಕರಣವನ್ನಾದರೂ ಬಳಸುವ ಸ್ಥಳದಲ್ಲಿ ಸರಿಹೊಂದಿಸದೆ ನಂಬಬಾರದೆಂಬುದು ನಮ್ಮ ಪ್ರಯೋಗಶಾಲೆಯ ಮೊದಲ ಪಾಠ. ನಮ್ಮ ಮಕ್ಕಳಲ್ಲಿ ಅಪೌಷ್ಟಿಕತೆ, ಜಂತುಬಾಧೆ, ಡೆಂಗ್ಯೂ ಮೊದಲಾದವುಗಳಿಂದ ಕೆಲವು ದೀಪಗಳು ಮೊದಲೇ ಉರಿಯುತ್ತಿರಬಹುದು. ಬೆಂಗಳೂರಿನ ನೇತೃತ್ವದಲ್ಲಿ ನಡೆದು 2025ರಲ್ಲಿ ಬಿಡುಗಡೆಯಾದ ಹತ್ತು ಸಾವಿರ ಭಾರತೀಯರ ಜೀನೋಮ್ ಮಾಹಿತಿಯು ಶ್ಲಾಘನೀಯವೇ; ಆದರೆ ಅದು ತಂತಿಗಳ ನಕ್ಷೆ, ದೀಪಗಳ ಲೆಕ್ಕವಲ್ಲ.

ಆದುದರಿಂದ ಹುಬ್ಬಳ್ಳಿಯಂಥ ಊರುಗಳ ವೈದ್ಯಕೀಯ ಕಾಲೇಜುಗಳು ಜೊತೆಗೂಡಿ, ತಾಯಿತಂದೆಗಳ ಒಪ್ಪಿಗೆ ಪಡೆದು, ರೋಗಿಷ್ಠ ಮಕ್ಕಳಂತೆ ಆರೋಗ್ಯವಂತ ಮಕ್ಕಳಲ್ಲಿಯೂ ಈ ಅಳತೆಯನ್ನು ಮಾಡಬೇಕು. ಒಂದೇ ಆಸ್ಪತ್ರೆಯ ಕೆಲವೇ ಮಕ್ಕಳು ಸಾಲರು. 20,000 ಜೀನುಗಳನ್ನು ಅಳೆದು, ನೂರಕ್ಕೆ ಐದರಷ್ಟು ಆಕಸ್ಮಿಕಕ್ಕೆ ಎಡೆಗೊಟ್ಟರೆ, ಏನೂ ಇಲ್ಲದೆಡೆಯೂ ಸಾವಿರ ಭೇದಗಳು ಕಂಡಾವು!

ಫ್ಲೂ ಲಸಿಕೆಯೇ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮಕ್ಕೆ ಸೇರಿಲ್ಲ, ಈ ಸೂಕ್ಷ್ಮ ವಿಚಾರವೇಕೆಂದು ಕೆಲವರು ಕೇಳಬಹುದು. ಲಸಿಕೆ ಬೇಕು, ಆದರೆ ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ. ಫ್ಲೂ ಔಷಧವು ಮೊದಲ 48 ಗಂಟೆಗಳಲ್ಲಿಯೇ ಹೆಚ್ಚು ಫಲಕಾರಿ. ಯಾವ ಮಗುವಿಗೆ ಅಪಾಯವಿದೆಯೆಂದು ಆ ಅವಧಿಯೊಳಗೆ ಹೇಳಬಲ್ಲ ಅಳತೆಗೋಲು ನಮ್ಮ ಮಕ್ಕಳಿಗೆ ಹೊಂದುವಂಥದಾಗಿರಬೇಕು. ಅದು ಸಿದ್ಧವಾಗುವವರೆಗೆ ವಾಚಕರಲ್ಲಿ ಒಂದೇ ವಿನಂತಿ: ಜ್ವರದಲ್ಲಿರುವ ಮಗುವಿನ ಉಸಿರು ವೇಗವಾದರೆ ಕಾಯದೆ ವೈದ್ಯರ ಬಳಿಗೆ ಕರೆದೊಯ್ಯಿರಿ.