ಮನೆ ಗಾಲಿಯ ಮೇಲೆ, ಪಾಟಿ ತೊಡೆಯ ಮೇಲೆ



ಹೋದ ತಿಂಗಳು ಶಿಗ್ಗಾಂವಿಯಿಂದ ನನ್ನ ತಂಗಿ, ಅವಳ ಗಂಡ, ಎರಡು ಮಕ್ಕಳು ಬಂದಿದ್ದರು. ಹಾನಗಲ್ಲಿಗೆ ಬಂದರೆ ತಾರಕೇಶ್ವರನ ದರ್ಶನ ಮಾಡಿ, ಊಟ ಮಾಡಿ, ಸಂಜೆ ಬಸ್ಸು ಹಿಡಿಯುವುದು ಅವರ ವಾಡಿಕೆ. ಈ ಸಲ ಊಟಕ್ಕೆ ಕೂತಾಗಲೇ ತಂಗಿಯ ಗಂಡ ಸುದ್ದಿ ತೆಗೆದರು. "ಅಕ್ಕಾರ, ನಾವು ಒಂದು ವರ್ಷ ಮನಿ ಬಿಟ್ಟು ಹೊಂಟೀವ್ರಿ." ಸಾರು ಬಡಿಸುತ್ತಿದ್ದ ನನ್ನ ಕೈ ಹಾಗೇ ನಿಂತಿತು.

ಸಂಗತಿ ಇಷ್ಟೇ. ಹಳೇ ಮಿನಿ ಬಸ್ಸೊಂದನ್ನು ಕೊಂಡು, ಒಳಗೆ ಮಲಗಲು ಹಲಗೆ, ಒಂದು ಗ್ಯಾಸ್ ಒಲೆ, ನೀರಿನ ಟಾಕಿ ಕೂಡಿಸುವುದು. ಹಿರೇಕೆರೂರಿನ ಗೆಳೆಯರೊಬ್ಬರ ಸಂಸಾರವೂ ಜೊತೆಗೆ. ನಾಲ್ವರು ದೊಡ್ಡವರು, ನಾಲ್ಕು ಮಕ್ಕಳು. ಹಿರಿಯ ಹುಡುಗನಿಗೆ 10 ವರ್ಷ, ಕಿರಿಯ ಕೂಸಿಗೆ ಒಂದೂವರೆ. ಈಗ ಮೊಬೈಲಿನಾಗ ಗಾಡಿಯೊಳಗೇ ಸಂಸಾರ ಮಾಡೋರನ್ನ ದಿನಾ ತೋರಿಸ್ತಾರಲ್ಲ, ಅದನ್ನು ನೋಡಿ ಹುಟ್ಟಿದ ಆಸೆ. ಗಂಡಸರಿಬ್ಬರೂ ಮದುವೆ ಫೋಟೋ, ವಿಡಿಯೋ ತೆಗೆಯುವವರು. "ಕ್ಯಾಮೆರಾ ಎಲ್ಲಿದ್ರೂ ದುಡಿತೈತ್ರಿ" ಎಂಬ ಧೈರ್ಯ.

ತಂಗಿ ಮಾತ್ರ ತಲೆ ಎತ್ತಲಿಲ್ಲ. ಆಮೇಲೆ ಹಿತ್ತಲಲ್ಲಿ ಪಾತ್ರೆ ತೊಳೆಯುವಾಗ ಮೆಲ್ಲಗೆ ಕೇಳಿದಳು. "ಅಕ್ಕಾ, ಎಂಟು ಮಂದಿಗೆ ಆ ಒಂದು ಒಲಿ ಮ್ಯಾಲೆ ಮೂರು ಹೊತ್ತು ಬೇಯಿಸೋರು ಯಾರು? ಹುಡುಗ್ರ ಸಾಲಿ ಗತಿ ಏನು?"

ಹುಚ್ಚು ಅಂತ ನಾನು ನಗಲಿಲ್ಲ. ಈ ಎರಡೂ ಪ್ರಶ್ನೆಗೆ ಉತ್ತರವನ್ನು ನಾನು ಸಣ್ಣವಳಿದ್ದಾಗಲೇ ಕಣ್ಣಾರೆ ಕಂಡಿದ್ದೆ.

ನನ್ನ ತವರು ಸವಣೂರು. 1990ರ ಸುಮಾರಿನ ಮಾತು, ನಾನಾಗ ಐದನೇ ಇಯತ್ತೆ. ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ನಾಟಕ ಕಂಪನಿಯೊಂದು ಬಂದು ತಗಡಿನ ಥಿಯೇಟರ್ ಕಟ್ಟಿತು. ಎರಡೂವರೆ ತಿಂಗಳ ಮುಕ್ಕಾಂ. ಕಂಪನಿಯ ಹುಡುಗಿಯೊಬ್ಬಳು ನಮ್ಮ ಶಾಲೆಗೆ ಬಂದು ನನ್ನ ಮಗ್ಗುಲಲ್ಲೇ ಕೂತಳು. ನಾಟಕದ ಮಾತು ಪೂರಾ ಬಾಯಿಪಾಠ, ಹಾಡಲು ನಿಂತರೆ ಮಾಸ್ತರರೂ ಬೆರಗು. ಆದರೆ ಲೆಕ್ಕದ ತಾಸು ಬಂತೆಂದರೆ ತಲೆ ಕೆಳಗೆ. ಯಾಕಂತ ಕೇಳಿದರೆ, "ಹಿಂದಿನ ಊರಾಗ ಗುಣಾಕಾರ ನಡದಿತ್ತು, ಇಲ್ಲಿ ಭಾಗಾಕಾರ ಮುಗದೇಬಿಟ್ಟೈತಿ" ಅಂದಳು. ನಡುವಿನ ಪಾಠ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. ಆ ವರ್ಷ ಅವಳಿಗೆ ನಮ್ಮದು ಮೂರನೇ ಶಾಲೆ. ಯಾವ ಶಾಲೆಯೂ ಅವಳನ್ನು ಹೊರಗೆ ಹಾಕಲಿಲ್ಲ, ಯಾವುದೂ ಪೂರ್ತಿ ಕಲಿಸಲೂ ಇಲ್ಲ.

ನಾಲ್ಕು ವರ್ಷದ ಮೇಲೆ ಅದೇ ಕಂಪನಿ ಮತ್ತೆ ಬಂತು. ಅಷ್ಟರಲ್ಲಿ ಅವಳು ಶಾಲೆ ಬಿಟ್ಟಿದ್ದಳು. ಟಿಕೀಟು ಕೊಡುವ ಕಿಟಕಿಯಲ್ಲಿ ತಾಯಿಯ ಜೊತೆ ಕೂತು, ಚಿಲ್ಲರೆ ಕೊಡಲು ಬೆರಳು ಮಡಚಿ ಎಣಿಸುತ್ತಿದ್ದಳು. ನನ್ನ ಗುರುತು ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ.

ಆದರೆ ಕಂಪನಿಯ ಇನ್ನೊಂದು ಮುಖವನ್ನೂ ಹೇಳಬೇಕು. ರಂಗದ ಹಿಂದೆ ಸೀರೆಯ ಜೋಲಿ ಕಟ್ಟಿರುತ್ತಿದ್ದರು. ಒಬ್ಬಾಕೆ ಪಾರ್ಟು ಮಾಡುವಾಗ ಇನ್ನೊಬ್ಬಾಕೆ ತೂಗುವಳು. ಕೂಸು ಯಾರದು ಅಂತ ಯಾರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಅಡುಗೆಮನೆ ಒಂದೇ, ಅಡುಗೆಯವರು ಬೇರೆಯೇ ಇದ್ದರು. ನಮ್ಮವ್ವ ನೋಡಿ, "ಇವರಿಗೆ ನೆರೆಮನಿ ಜೋಡೀನ ಬರ್ತೈತಿ ನೋಡವಾ" ಅನ್ನುತ್ತಿದ್ದಳು. ಎಷ್ಟು ನಿಜವಾದ ಮಾತು! ಮನೆ ಸಾಗಿದರೂ ನೆರೆಹೊರೆ ಜೊತೆಗಿದ್ದರೆ ಹೆಂಗಸಿನ ಅರ್ಧ ಭಾರ ಇಳಿದಂತೆ.

ಮತ್ತೆ ಪಾಠದ ವಿಷಯಕ್ಕೆ ನಮ್ಮ ತಾಲೂಕಿನದೇ ದೊಡ್ಡ ಉದಾಹರಣೆ ಇದೆ. ಗಾನಯೋಗಿ ಪಂಚಾಕ್ಷರ ಗವಾಯಿಗಳು 1892ರಲ್ಲಿ ಹುಟ್ಟಿದ್ದು ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಕಣ್ಣಿಲ್ಲದ ಆ ಹುಡುಗನ ಕೊರಳನ್ನು ಕೇಳಿ ಕೈಹಿಡಿದವರು ಹಾನಗಲ್ಲ ಕುಮಾರ ಸ್ವಾಮಿಗಳು. ಮುಂದೆ ಗವಾಯಿಗಳು ಅಂಧ ಮಕ್ಕಳನ್ನೂ ಬಡವರ ಮಕ್ಕಳನ್ನೂ ಕಟ್ಟಿಕೊಂಡು ಊರೂರು ತಿರುಗುತ್ತ ಸಂಗೀತ ಕಲಿಸಿದರು. ಅನ್ನಕ್ಕೆ ತತ್ವಾರವಾದ ದಿನಗಳೂ ಇದ್ದವು. ಆದರೂ ಪಾಠ ನಿಲ್ಲಲಿಲ್ಲ. ನಮ್ಮ ಜಿಲ್ಲೆಯ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜರು ಆ ಶಿಷ್ಯಬಳಗದಲ್ಲೇ ಬೆಳೆದರು. ಗುರುಗಳು 1944ರಲ್ಲಿ ತೀರಿಕೊಂಡ ಮೇಲೆ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿ ಸಾವಿರಾರು ಮಕ್ಕಳಿಗೆ ದಾರಿ ತೋರಿಸಿದರು. 2010ರಲ್ಲಿ ಪದ್ಮಭೂಷಣವೂ ಬಂತು.

ನೋಡ್ರಿ, ಅವರೂ ತಿರುಗಿದರು, ನನ್ನ ಗೆಳತಿಯೂ ತಿರುಗಿದಳು. ಅಲ್ಲಿ ಗುರುವೇ ಮಕ್ಕಳ ಜೊತೆ ನಡೆದರು. ಇವಳ ಜೊತೆ ಮನೆ ಬಂತು, ಗುರು ಬರಲಿಲ್ಲ. ತಿರುಗುವುದರಿಂದ ಮಕ್ಕಳು ಕೆಡುವುದಿಲ್ಲ, ಪಾಠದ ಎಳೆ ಹರಿದರೆ ಕೆಡುತ್ತಾರೆ.

ಚಹಾ ಕೊಟ್ಟು ಇಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ನಾನು ಹೇಳಿದ ಮಾತು ಇವು. ಇಂಥ ಆಸೆ ನಿಮ್ಮ ಮನೆಯಲ್ಲೂ ಹುಟ್ಟಿದ್ದರೆ ನಿಮಗೂ ಉಪಯೋಗವಾದೀತು.

ಮೊದಲನೆಯದು, ಒಮ್ಮೆಲೇ ವರ್ಷದ ಮಾತು ಬೇಡ. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಹೋಗಿ ಬರಲಿ. ಕೂಡಿ ಬಾಳುವ ಗೆಳೆತನವೋ, ಬರೀ ಕೂಡಿ ಚಹಾ ಕುಡಿಯುವ ಗೆಳೆತನವೋ, ಆಗ ಗೊತ್ತಾಗುತ್ತದೆ.

ಎರಡನೆಯದು ಪಾಠ. ನಾಲ್ವರಲ್ಲಿ ಒಬ್ಬರು ಮಾಸ್ತರರಾಗಬೇಕು. ಗಾಡಿ ಹೊರಡುವ ಮೊದಲು, ಬೆಳಿಗ್ಗೆ ಎರಡು ತಾಸು ಪಾಟಿ-ಪುಸ್ತಕ. ಊರು ಬದಲಾದರೂ ವೇಳೆ ಬದಲಾಗಬಾರದು. ನಮ್ಮ ರಾಜ್ಯದ ಪಠ್ಯಪುಸ್ತಕಗಳು ಮೊಬೈಲಿನಲ್ಲೂ ಪುಕ್ಕಟೆ ಸಿಗುತ್ತವೆ. ಶಾಲೆ ಬದಲಿಸುವುದಾದರೆ 2009ರ ಶಿಕ್ಷಣ ಹಕ್ಕು ಕಾಯ್ದೆ ನೆನಪಿರಲಿ. ಹಳೆಯ ಶಾಲೆಯ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ಅದು ತಡವಾಯಿತೆಂದು ಹೊಸ ಸರಕಾರಿ ಶಾಲೆ ಮಗುವನ್ನು ಬೇಡವೆನ್ನುವ ಹಾಗಿಲ್ಲ. 6ರಿಂದ 14 ವರ್ಷದ ಮಕ್ಕಳಿಗೆ ಇದು ಹಕ್ಕು. ನನ್ನ ಗೆಳತಿಯ ಕಾಲಕ್ಕೆ ಈ ಕಾಯ್ದೆ ಇರಲಿಲ್ಲ.

ಮೂರನೆಯದು ಒಲೆ. ಪಾಳಿ ಹಾಕಬೇಕು, ಪಾಳಿಯಲ್ಲಿ ಗಂಡಸರ ಹೆಸರೂ ಇರಬೇಕು! ದಿನಕ್ಕೆ ಒಂದೇ ಬಿಸಿ ಅಡುಗೆ. ಉಳಿದ ಹೊತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅವಲಕ್ಕಿ. ಗಾಡಿ ಓಡುವಾಗ ಒಲೆ ಹಚ್ಚಲೇಬಾರದು. ಬಸ್ಸಿನ ಒಳಗನ್ನು ಬದಲಿಸುವ ಮೊದಲು ಆರ್‌ಟಿಓ ಕಚೇರಿಯ ಪರವಾನಗಿಯನ್ನೂ ಕೇಳಿಕೊಳ್ಳಬೇಕು.

ನಾಲ್ಕನೆಯದು ಕೂಸಿನ ಆರೋಗ್ಯ. ತಾಯಿ ಕಾರ್ಡು ಕೈಯಲ್ಲಿರಲಿ. ಲಸಿಕೆಯ ದಿನ ಬಂದರೆ ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಹಾಕಿಸಬಹುದು. ನೀರು ಬದಲಾದಾಗ ಮಕ್ಕಳಿಗೆ ಹೊಟ್ಟೆ ಕೆಡುವುದು ಸಹಜ, ಆದ್ದರಿಂದ ಕುದಿಸಿ ಆರಿಸಿದ ನೀರೇ ಕೊಡಿ. ಭೇದಿಯಾದರೆ ಓಆರ್‌ಎಸ್ ಪುಡಿ. ಅದಿಲ್ಲದಿದ್ದರೆ ಒಂದು ಲೀಟರ್ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎಲ್ಲಾ ಚಮಚ ಮಟ್ಟಸವಾಗಿ. ಕೂಸು ಮಂಕಾದರೆ, ಕುಡಿದದ್ದು ನಿಲ್ಲದಿದ್ದರೆ ತಡಮಾಡದೆ ದವಾಖಾನೆಗೆ.

ದಾರಿಗೆಂದು ನಾನು ಮಾಡಿಕೊಟ್ಟದ್ದು ಮೆಂತ್ಯದ ಹಿಟ್ಟು. ಕಡಲೆಬೇಳೆ 1 ಬಟ್ಟಲು, ಉದ್ದಿನಬೇಳೆ ಮತ್ತು ಅಕ್ಕಿ ಅರ್ಧರ್ಧ ಬಟ್ಟಲು, ಗೋಧಿ ಕಾಲು ಬಟ್ಟಲು. ಬೇರೆಬೇರೆಯಾಗಿ, ಸಣ್ಣ ಉರಿಯಲ್ಲಿ ಘಮ ಬರುವ ತನಕ ಹುರಿಯಿರಿ. ಕೊತ್ತಂಬರಿ ಬೀಜ 2 ಚಮಚ, ಜೀರಿಗೆ 1 ಚಮಚ, ಮೆಂತ್ಯ 1 ಸಣ್ಣ ಚಮಚ, ಒಣಮೆಣಸಿನಕಾಯಿ 4 ಹುರಿದು ಸೇರಿಸಿ. ಅರಿಶಿಣ, ಇಂಗು, ಉಪ್ಪು ಹಾಕಿ ನುಣ್ಣಗೆ ಬೀಸಿ. ಮೆಂತ್ಯ ಹೆಚ್ಚಾದರೆ ಕಹಿ, ಜೋಕೆ. ಬಿಸಿ ಅನ್ನ, ತುಪ್ಪದ ಜೊತೆ ಕಲಸಿದರೆ ಸಾರೂ ಬೇಡ, ಪಲ್ಯವೂ ಬೇಡ. ಒಣ ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಬಾಳುತ್ತದೆ.

ಎಲ್ಲಾ ಕೇಳಿದ ತಂಗಿಯ ಗಂಡ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆಗ್ಲಿ ಅಕ್ಕಾರ, ಮೊದ್ಲ ರಜಾದಾಗ ಹೋಗಿ ಬರ್ತೀವಿ. ಭಾಗಾಕಾರ ನಾನ ಹೇಳಿಕೊಡ್ತೀನಿ" ಅಂದರು. ತಂಗಿ ಆಗ ಮೊದಲ ಸಲ ಬಾಯಿ ಬಿಟ್ಟಳು. "ಬುಧವಾರದ ರೊಟ್ಟೀನೂ ನಿಮ್ದ ನೋಡ್ರಿ!" ಎಲ್ಲರೂ ನಕ್ಕೆವು. ಈ ಸಲ ನನಗೂ ನಗು ಬಂತು.

ಹೊರಡುವಾಗ ತಂಗಿಯ ಚೀಲದಲ್ಲಿ ಹಿಟ್ಟಿನ ಡಬ್ಬಿ ಇಟ್ಟೆ. ಅದರ ಮೇಲೆ ಒಂದು ಪಾಟಿ, ಎರಡು ಬಳಪ ಇಟ್ಟು ಚೀಲದ ಬಾಯಿ ಕಟ್ಟಿದೆ.

ನಿಮ್ಮೂರಿಗೂ ತಿರುಗುತ್ತ ಬರುವವರ ಮಕ್ಕಳು ಇದ್ದೇ ಇರುತ್ತಾರೆ: ಕುರಿಗಾರರದೋ, ನಾಟಕದವರದೋ, ಕಬ್ಬು ಕಡಿಯುವವರದೋ. ನಿಮ್ಮ ಮಗುವಿನ ಮಗ್ಗುಲಲ್ಲಿ ಅಂಥ ಮಗು ಕೂತಿದ್ದರೆ, ಸಂಜೆ ಒಂದು ತಾಸು ಮನೆಗೆ ಕರೆದು ಕೂಡಿಸಿಕೊಳ್ಳಿರಿ. ಸವಣೂರಿನಲ್ಲಿ ನಮಗೆ ಯಾರಿಗೂ ಅದು ಹೊಳೆಯಲಿಲ್ಲ. ನಿಮಗಾದರೂ ಹೊಳೆಯಲಿ.