ಊತಂಗರೈಯ ಮಳೆ, ಅಮೆರಿಕದ ಕಾಸು
ಈ ವಾರ ಊತಂಗರೈ ದಾಟುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೊಸೂರು ಕಡೆಯ ಅಜ್ಜಿ ಕಿಟಕಿಯಾಚೆ ಕೈ ತೋರಿಸಿ, ‘ವ್ಯಾನುಗಳೆಲ್ಲ ತೇಲಿಹೋಗಿದ್ದು ಇಲ್ಲೇ ಕಣಪ್ಪಾ’ ಅಂದರು. 2024ರ ಡಿಸೆಂಬರ್ ಆರಂಭದಲ್ಲಿ ಫೆಂಗಲ್ ಚಂಡಮಾರುತ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಈ ಊರಿನ ಮೇಲೆ ಒಂದೇ ದಿನ 50 ಸೆಂಟಿಮೀಟರ್ ಮಳೆ ಸುರಿಸಿತ್ತು. ಸಮುದ್ರದಿಂದ ಎಷ್ಟೋ ದೂರದ, ರಾಗಿ ಮಾವು ನಂಬಿಕೊಂಡ ಸೀಮೆಯಿದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿದುಕೊಳ್ಳುತ್ತದೆ. ಆ ಬಿಸಿ ಏರಿಸಿದ್ದು ಅಜ್ಜಿಯ ಒಲೆಯಲ್ಲ. ಕಲ್ಲಿದ್ದಲು, ತೈಲ ಸುಟ್ಟು ಜಗತ್ತು ಈವರೆಗೆ ಉಗುಳಿದ ಇಂಗಾಲದಲ್ಲಿ ಹತ್ತಿರಹತ್ತಿರ ಕಾಲುಭಾಗ ಅಮೆರಿಕ ಒಂದರದೇ. ಆ ದೇಶ 2023ರಲ್ಲಿ ದುಬೈ ಹವಾಮಾನ ಸಮಾವೇಶದಲ್ಲಿ, ಹವಾಮಾನದ ಹೊಡೆತ ತಿಂದ ಬಡ ದೇಶಗಳ ನಷ್ಟ ತುಂಬುವ ನಿಧಿಗೆ ಘೋಷಿಸಿದ್ದು 1.75 ಕೋಟಿ ಡಾಲರ್, ಆಗಿನ ದರದಲ್ಲಿ ಸುಮಾರು 145 ಕೋಟಿ ರೂಪಾಯಿ. ಫೆಂಗಲ್ ಬಳಿಕ ನಮ್ಮ ಕೇಂದ್ರ ಸರ್ಕಾರ ತಮಿಳುನಾಡು ಒಂದಕ್ಕೇ ಮಂಜೂರು ಮಾಡಿದ್ದು 944.80 ಕೋಟಿ ರೂಪಾಯಿ! ಇಡೀ ಭೂಮಿಯ ಬಡವರಿಗೆಂದು ಸಿರಿವಂತ ಅಮೆರಿಕ ತೆಗೆದಿಟ್ಟದ್ದಕ್ಕಿಂತ ಆರು ಪಟ್ಟು ಹೆಚ್ಚನ್ನು, ಒಂದು ಮಳೆಗೆ, ನಾವೇ ಭರಿಸಿದೆವು. ಅಮೆರಿಕದವರಲ್ಲಿ ಹಣವಿಲ್ಲವೆಂದರೆ ನಂಬಲಾಗದು. ಅವರ 2024ರ ಉತ್ಪನ್ನವೇ 29 ಲಕ್ಷ ಕೋಟಿ ಡಾಲರ್ ಆಸುಪಾಸು. ಇಷ್ಟಿದ್ದೂ 2025ರ ಜನವರಿಯಲ್ಲಿ ಪ್ಯಾರಿಸ್ ಹವಾಮಾನ ಒಪ್ಪಂದ ಬಿಡುವ ಆದೇಶ ಹೊರಬಿತ್ತು, ಮಾರ್ಚ್‌ನಲ್ಲಿ ಆ ನಿಧಿಯ ಮಂಡಳಿಯಿಂದಲೂ ಅಮೆರಿಕ ಎದ್ದುಹೋಯಿತು. ಹೊಸೂರಿನ ಕಾರ್ಖಾನೆಗಳಿಂದ ವಿದ್ಯುತ್ ಸ್ಕೂಟರುಗಳು ಲಾರಿ ಲಾರಿಯಾಗಿ ಹೊರಡುತ್ತಿರುವ ಹೊತ್ತಿಗೇ, ಅಮೆರಿಕದಲ್ಲಿ ವಿದ್ಯುತ್ ಕಾರು ಕೊಳ್ಳುವವರಿಗಿದ್ದ 7,500 ಡಾಲರ್ ತೆರಿಗೆ ರಿಯಾಯಿತಿಯನ್ನೂ ಸೆಪ್ಟೆಂಬರ್ ಕೊನೆಗೆ ನಿಲ್ಲಿಸಿದರು.