ಕಾಯಿಸಿ ಕಟ್ಟಿದ ಗೋಪುರ

ಹಾಲನ್ನು ಕಾಸಿ ಖೋವ ಮಾಡುವ ಗೃಹಿಣಿಗೆ ಒಂದು ಮರ್ಮ ತಿಳಿದಿರುತ್ತದೆ. ಶಾಖವು ನೀರನ್ನು ಓಡಿಸುತ್ತದೆ. ಉಳಿದುದು ಒತ್ತೊತ್ತಾಗಿ ಸೇರಿ ಗಟ್ಟಿಯಾಗುತ್ತದೆ. ಇಳಿಸುವುದು ಕೊಂಚ ತಡವಾಯಿತೋ, ತಳ ಹಿಡಿಯಿತು! 1970ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಬ್ರಯನ್ ಜಾನ್ಸನ್, ಜ್ಯಾಕ್ ಲೂಯಿಸ್ ಮತ್ತು ಅವರ ಸಂಗಡಿಗರು ಇಂಥದೇ ಮರ್ಮವನ್ನು ಆಸ್ಮಿಯಮ್ ಲೋಹದ ಮೇಲೆ ಪ್ರಯೋಗಿಸಿದರು.

ಆಸ್ಮಿಯಮ್ ಸೀಸಕ್ಕಿಂತ ಹೆಚ್ಚುಕಡಮೆ ಇಮ್ಮಡಿ ಸಾಂದ್ರವಾದ ಲೋಹ. ಅವರು ಆರಿಸಿಕೊಂಡ ಹಳದಿ ಹರಳಿನ ಒಂದೊಂದು ಅಣುವಿನಲ್ಲಿಯೂ 3 ಆಸ್ಮಿಯಮ್ ಪರಮಾಣುಗಳು ತ್ರಿಕೋನವಾಗಿ ಕೂಡಿವೆ. ಅವುಗಳ ಸುತ್ತ 12 ಇಂಗಾಲದ ಮಾನಾಕ್ಸೈಡ್ ಅಣುಗಳ ಹೊದಿಕೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಯಿಟ್ಟು ಮಲಗಿದವರ ಪ್ರಾಣವನ್ನು ಹೀರುವ ಅನಿಲವೇ ಇದು! ಈ ಹೊದಿಕೆಯಿರುವ ತನಕ ಒಂದು ತ್ರಿಕೋನದ ಲೋಹ ಇನ್ನೊಂದರದನ್ನು ಸೇರಲಾರದು.

ಹರಳುಗಳನ್ನು ಗಾಜಿನ ನಳಿಗೆಗೆ ತುಂಬಿ, ಗಾಳಿಯನ್ನು ಹೊರದೆಗೆದು, ಬಾಯಿ ಬೆಸೆದು, ಸುಮಾರು 200 ಡಿಗ್ರಿ ಸೆಂಟಿಗ್ರೇಡಿನಲ್ಲಿ ಗಂಟೆಗಟ್ಟಲೆ ಕಾಯಿಸಿದರು. ಹೊದಿಕೆಯ ಕೆಲವು ಅಣುಗಳು ಕಳಚಿದವು. ಬರಿದಾದ ಲೋಹ ಪರಮಾಣುಗಳು ಒಂದರ ಕೈಯನ್ನೊಂದು ಹಿಡಿದವು. ಆದರೆ ಶಾಖಕ್ಕೆ ವಿವೇಕವೆಲ್ಲಿಯದು? 5, 6, 7, 8 ಪರಮಾಣುಗಳ ಗುಚ್ಛಗಳೆಲ್ಲ ಒಂದೇ ನಳಿಗೆಯಲ್ಲಿ ಬೆರೆತು ಬಂದವು. ಬೇಕಾದುದನ್ನು ಕಟ್ಟುವ ವಿದ್ಯೆಯಲ್ಲ, ಬಂದುದನ್ನು ಆರಿಸಿಕೊಳ್ಳುವ ವಿದ್ಯೆ ಎಂದು ವಾಚಕರು ನಕ್ಕರೆ, ಆ ನಗೆ ತಪ್ಪೇನೂ ಅಲ್ಲ. ಸಿಲಿಕಾ ಲೇಪಿಸಿದ ಗಾಜಿನ ಫಲಕದ ಮೇಲೆ ದ್ರಾವಕವನ್ನು ಏರಿಸಿ, ಗುಚ್ಛಗಳನ್ನು ಬಣ್ಣಬಣ್ಣದ ಪಟ್ಟೆಗಳಾಗಿ ಬೇರ್ಪಡಿಸಬೇಕಾಯಿತು.

ಆದರೂ ಈ ಕುರುಡು ಶಾಖ ಕೊಟ್ಟುದನ್ನು ಯಾವ ಜಾಣನೂ ಮುಂಚಿತವಾಗಿ ಯೋಜಿಸುತ್ತಿರಲಿಲ್ಲವೆಂದು ನನ್ನ ಅಭಿಪ್ರಾಯ. 6 ಪರಮಾಣುಗಳ ಗುಚ್ಛವು ಸಮರೂಪದ ಅಷ್ಟಮುಖಿಯಾಗಿರಬೇಕೆಂದು ಊಹಿಸುವುದು ಸಹಜ. ಕ್ಷಕಿರಣಗಳು ತೋರಿದ ಆಕಾರವೇ ಬೇರೆ: ಒಂದು ಚತುರ್ಮುಖಿ, ಅದರ ಎರಡು ಮುಖಗಳ ಮೇಲೆ ಕುಳಿತ ಇನ್ನೆರಡು ಪರಮಾಣುಗಳು.

ಲೆಕ್ಕವನ್ನೂ ನೋಡಿ. ಮೊದಲ ಹರಳಿನಲ್ಲಿ ಪ್ರತಿ ಲೋಹ ಪರಮಾಣುವಿಗೆ 4 ಅನಿಲದ ಅಣುಗಳಿದ್ದವು. 6ರ ಗುಚ್ಛದಲ್ಲಿ 3. ಎಲ್ಲವನ್ನೂ ಓಡಿಸಿಬಿಟ್ಟರೆ ಉಳಿಯುವುದು ಬರಿಯ ಲೋಹ, ತಳ ಹಿಡಿದ ಖೋವ. ಅಣು ಮುಗಿದು ಲೋಹ ಆರಂಭವಾಗುವುದೆಲ್ಲಿ ಎಂಬುದೇ ರಸಾಯನಜ್ಞರ ಕುತೂಹಲ. 1990ರ ದಶಕದ ಆದಿಯಲ್ಲಿ ಕೇಂಬ್ರಿಜ್ ತಂಡದವರು, ಹೊದಿಕೆಯನ್ನು ಮೊದಲೇ ತುಸು ಸಡಿಲಿಸಿದ ತ್ರಿಕೋನಗಳನ್ನು ನಿರ್ವಾತದಲ್ಲಿ ಸುಮಾರು 300 ಡಿಗ್ರಿಗೆ ಕಾಯಿಸಿ, ಆ ಎಲ್ಲೆಯತ್ತ ಇನ್ನೊಂದು ಹೆಜ್ಜೆಯಿಟ್ಟರು. ದೊರೆತುದು 20 ಆಸ್ಮಿಯಮ್ ಪರಮಾಣುಗಳ ಗೋಪುರ. ಹಣ್ಣಿನಂಗಡಿಯ ಕಿತ್ತಳೆ ರಾಶಿಯಂತೆ ಕೆಳಗೆ 10, ಮೇಲೆ 6, ಅದರ ಮೇಲೆ 3, ತುದಿಗೆ 1. ನಾಲ್ಕು ಮೂಲೆಗಳಿಗೆ ಮೂರು ಮೂರು, ಅಂಚಿನ 12 ಪರಮಾಣುಗಳಿಗೆ ಎರಡೆರಡು, ನಾಲ್ಕು ಮುಖಗಳ ನಡುವಿನವಕ್ಕೆ ಒಂದೊಂದು: ಹೊದಿಕೆಗೆ ಉಳಿದ ಅನಿಲಾಣುಗಳು 40.